ಆಶಾ ಅಕ್ಕನ ಪಟ್ಟಿಯಲ್ಲಿಲ್ಲದ ಕಾಲೇಜು ಮಕ್ಕಳು

ನಮ್ಮ ಕಡೆ ಕುಟುಂಬ ಯೋಜನೆ ಅಂದರೆ ಆಪರೇಷನ್. ಎರಡು ಮೂರು ಮಕ್ಕಳಾದ ಮೇಲೆ ಹೆಣ್ಣುಮಗಳಿಗೆ ಮಾಡಿಸುವಂಥದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದೂ ಅದನ್ನೇ: ರಾಜ್ಯದ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಪರೇಷನ್ ಆಗಿದೆ. ಮೊದಲ ಮಗುವಿಗಿಂತ ಮುಂಚೆ ಬೇಕಾದ ತಿಳಿವಳಿಕೆಯ ಮಾತೇ ಇಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳಲ್ಲಿ ಓದುವವರು ಇದೇ ಮನೆಗಳ ಮಕ್ಕಳು. ದ್ವಿತೀಯ ಪಿಯು ಜೀವಶಾಸ್ತ್ರದಲ್ಲಿ ಗರ್ಭನಿರೋಧಕಗಳ ಪಾಠವಿದೆ. ಅದು ಸೈನ್ಸ್ ತಗೊಂಡವರಿಗೆ. ಬಿ.ಎ., ಬಿ.ಕಾಂ. ಮಕ್ಕಳಿಗೆ ಮೊಬೈಲೇ ಮಾಸ್ತರ.

ಸೌಲಭ್ಯ ಇಲ್ಲವೆಂದಲ್ಲ. ನಿರೋಧ್, ಮಾಲಾ-ಎನ್, ಛಾಯಾ ಗುಳಿಗೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್, ಕಾಪರ್-ಟಿ ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ಆಶಾ ಅಕ್ಕನ ಪುಸ್ತಕದಲ್ಲಿರುವುದು ದಂಪತಿಗಳ ಹೆಸರು. ಸ್ನೇಹ ಕ್ಲಿನಿಕ್ 10ರಿಂದ 19 ವರ್ಷದವರಿಗೆ. ಡಿಗ್ರಿ ಮುಗಿಯುವಷ್ಟರಲ್ಲಿ ಆ ವಯಸ್ಸು ದಾಟಿರುತ್ತದೆ. ಉಳಿಯುವುದು ಮೆಡಿಕಲ್ ಶಾಪ್. ಅಲ್ಲಿ ಪಕ್ಕದಲ್ಲಿ ನಿಂತವರು ಊರಿನವರೇ.

ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎನ್ನುವ ಹಿರಿಯರಿದ್ದಾರೆ. ಅವರಿಗೆ ನಮ್ಮದೊಂದು ಪ್ರಶ್ನೆ. ಕೊರಳಲ್ಲಿ ತಾಳಿ ಹಾಕಿಕೊಂಡೇ ಡಿಗ್ರಿಗೆ ಬರುವ ಹುಡುಗಿಯರಿದ್ದಾರಲ್ಲ? ನಡುವೆಯೇ ಬಸುರಾಗಿ ಪರೀಕ್ಷೆ ಬಿಟ್ಟವರ ಓದು ಕೆಟ್ಟಿದ್ದು ತಿಳಿದಿದ್ದಕ್ಕೋ, ತಿಳಿಯದೇ ಇದ್ದುದಕ್ಕೋ?

ಅರೆಬರೆ ತಿಳಿವಳಿಕೆ ಇನ್ನೂ ಅಪಾಯ. ತುರ್ತು ಗುಳಿಗೆಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ ತೆಗೆದುಕೊಳ್ಳಬೇಕು. ಗರ್ಭ ನಿಂತ ಮೇಲೆ ಅದು ಕೆಲಸ ಮಾಡದು. ಪದೇಪದೇ ನುಂಗುವಂಥದ್ದೂ ಅಲ್ಲ. ಗರ್ಭಪಾತದ ಗುಳಿಗೆ ಬೇರೆ. ವೈದ್ಯರನ್ನು ಕೇಳದೆ ನುಂಗಿದರೆ ಜೀವಕ್ಕೇ ಕುತ್ತು. ಈ ಸಾಧನಗಳಲ್ಲಿ ಎಚ್‌ಐವಿಯಿಂದಲೂ ಕಾಯುವುದು ಕಾಂಡೋಮ್ ಒಂದೇ. ಗರ್ಭನಿರೋಧಕ ವಿಫಲವಾದರೆ ಮದುವೆಯಾಗದವರೂ 20 ವಾರದೊಳಗೆ ವೈದ್ಯರ ಬಳಿ ಕಾನೂನುಬದ್ಧವಾಗಿ ಗರ್ಭಪಾತ ಮಾಡಿಸಿಕೊಳ್ಳಬಹುದು. 2021ರ ತಿದ್ದುಪಡಿಯೇ ಹಾಗೆ ಹೇಳಿದೆ.

ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣದ ಸರ್ಕಾರಿ ಕ್ಲಿನಿಕ್ ತೆರೆದಿತ್ತು. ಆಗ ನಾವು ನಿಜಾಮನ ಸೀಮೆಯವರು. ಈಗ ಆ ನೆಪ ನಡೆಯದು. ಕೊಪ್ಪಳದಲ್ಲೇ ಮೆಡಿಕಲ್ ಕಾಲೇಜಿದೆ, ಜಿಲ್ಲೆಗೊಂದು ವಿಶ್ವವಿದ್ಯಾಲಯವೂ ಬಂದಿದೆ.

ನಾವು ಕೇಳುವುದು ದೊಡ್ಡದೇನಲ್ಲ. ಸೆಮಿಸ್ಟರ್‌ಗೊಮ್ಮೆ ಪ್ರತಿ ಕಾಲೇಜು, ಹಾಸ್ಟೆಲ್‌ಗೆ ವೈದ್ಯರೋ ನರ್ಸೋ ಬರಲಿ. ಹುಡುಗರನ್ನೂ ಕೂರಿಸಲಿ, ಇದು ಹುಡುಗಿಯರ ಹೊರೆ ಮಾತ್ರವಲ್ಲ. ಹೆಸರಿಲ್ಲದೆ ಚೀಟಿ ಹಾಕಲು ಒಂದು ಡಬ್ಬಿ ಇರಲಿ. ಆಸ್ಪತ್ರೆಗೆ ಹೋದ ವಿದ್ಯಾರ್ಥಿಗೆ “ಮದುವೆ ಆಗೇತೇನು?” ಅನ್ನುವುದು ಮೊದಲ ಪ್ರಶ್ನೆ ಆಗದಿರಲಿ.