ಹಾಜರಿ ಪುಸ್ತಕ ಯಾರ ಕೈಲಿ?

ಸರ್ಕಾರಿ ಕಟ್ಟಡ ತನ್ನಷ್ಟಕ್ಕೆ ತಾನು ನಿಂತಿರುವುದಿಲ್ಲ. ಉದ್ಘಾಟನೆಯ ಕಲ್ಲಿನಲ್ಲಿ ಮಂತ್ರಿಯ ಹೆಸರಿರುತ್ತದೆ, ಶಾಸಕರ ಹೆಸರಿರುತ್ತದೆ, ಗುತ್ತಿಗೆದಾರನ ಹೆಸರೂ ಒಂದು ಮೂಲೆಯಲ್ಲಿರುತ್ತದೆ. ಟೇಪು ಕತ್ತರಿಸಿ ಅವರೆಲ್ಲ ಕಾರು ಹತ್ತಿದ ಮಾರನೇ ದಿನದಿಂದ ಆ ಕಟ್ಟಡವನ್ನು ಬದುಕಿಸಿಕೊಂಡು ಬರುವವರು ಬೇರೆ. ಕಕ್ಕಸು ಕಟ್ಟಿಕೊಂಡರೆ ಬಿಡಿಸುವವರು, ಸಂಪಿಗಿಳಿದು ಕೆಸರು ಬಳಿಯುವವರು, ಮಳೆಗಾಲಕ್ಕೆ ಮೊದಲು ಚಾವಣಿ ಹತ್ತಿ ಗೋಡೆ ಸೀಳುತ್ತಿರುವ ಅರಳಿ ಸಸಿ ಕೀಳುವವರು, ಸಭೆ ಮುಗಿದ ಮೇಲೆ ಹಾರದ ಹೂವು ಗುಡಿಸುವವರು. ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇರುವುದು ಒಂದೇ ಕಡೆ, ಹಾಜರಿ ಪುಸ್ತಕದಲ್ಲಿ. ಆ ಪುಸ್ತಕ ಇರುವುದು ಇವರ ಕೈಲಲ್ಲ.

ನಾವು ಈ ಪುಸ್ತಕದ ಬಗ್ಗೆ ಮಾತಾಡಬೇಕಾಗಿದೆ.

ತುಮಕೂರಿನಲ್ಲಿ ಮಹಾನಗರ ಪಾಲಿಕೆ, ಕುಣಿಗಲ್ಲಿನಲ್ಲಿ ಪುರಸಭೆ, ಗುಬ್ಬಿಯಲ್ಲಿ ಪಟ್ಟಣ ಪಂಚಾಯಿತಿ. ಬೋರ್ಡು ಮೂರು ಥರ. ಒಂದು ಕಡೆ ಆಯುಕ್ತರು, ಇನ್ನೆರಡು ಕಡೆ ಮುಖ್ಯಾಧಿಕಾರಿಗಳು. ನಾವು ಇಲ್ಲಿ ಯಾವುದೋ ಒಂದು ಕಚೇರಿಯ ಮೇಲೆ ದೂರು ಬರೆಯುತ್ತಿಲ್ಲ. ರಾಜ್ಯದ ಯಾವ ಊರಿಗೆ ಹೋದರೂ ಕಾಣುವ ಒಂದು ಕಟ್ಟನ್ನು ಬಿಚ್ಚಿ ತೋರಿಸುತ್ತಿದ್ದೇವೆ. ಮೇಲೆ ಅಧಿಕಾರಿ, ಅವರ ಕೆಳಗೆ ಇಂಜಿನಿಯರ್, ಆರೋಗ್ಯ ನಿರೀಕ್ಷಕ, ಅವರ ಕೆಳಗೆ ದಫೇದಾರ, ಮೇಸ್ತ್ರಿ, ಈಗಿನ ಹೊಸ ಮಾತಿನಲ್ಲಿ ಸೂಪರ್‌ವೈಸರ್. ನಡುವೆ ಎಲ್ಲೂ ಕಾಣದೆ ಎಲ್ಲ ಕಡೆಯೂ ಇರುವ ಗುತ್ತಿಗೆದಾರ. ತಳದಲ್ಲಿ ಪೊರಕೆ, ಬಾಂಡ್ಲಿ, ಸನಿಕೆ ಹಿಡಿದ ಜನ. ಈ ಏಣಿಯ ಮೇಲಿನ ಮೆಟ್ಟಿಲಿನಲ್ಲಿ ಯಾವ ಜಾತಿ, ಕೆಳಗಿನ ಮೆಟ್ಟಿಲಿನಲ್ಲಿ ಯಾವ ಜಾತಿ ಅಂತ ನಾವು ಹೇಳಬೇಕೆ? ನೀವೇ ಬೆಳಿಗ್ಗೆ ಆರು ಗಂಟೆಗೆ ಎದ್ದು ನಿಮ್ಮೂರಿನ ಬಸ್‌ಸ್ಟಾಂಡಿಗೆ ಹೋಗಿ ನೋಡಿ.

'ಮೇಲ್ವಿಚಾರಣೆ' ಅನ್ನುವ ಪದವನ್ನೇ ನೋಡಿ. ಮೇಲೆ ನಿಂತು ವಿಚಾರಣೆ ಮಾಡುವುದು! ವಿಚಾರಣೆ ಮಾಡುವುದು ಯಾರನ್ನು? ಆರೋಪಿಯನ್ನು. ನಮ್ಮ ಅಕ್ಕ, ಅವ್ವ, ಚಿಕ್ಕಪ್ಪಂದಿರು ಕೆಲಸಕ್ಕೆ ಬಂದ ಗಳಿಗೆಯಿಂದಲೇ ಆರೋಪಿಗಳು. ಕರೆಸಿಕೊಳ್ಳುವ ಹೆಂಗಸಿಗೆ ಐವತ್ತು ದಾಟಿದೆ. ಕರೆಯುವವನಿಗೆ ಈಗಷ್ಟೇ ಮೀಸೆ ಚಿಗುರುತ್ತಿದೆ. ಆದರೂ ಅವನ ಬಾಯಲ್ಲಿ 'ಏಯ್, ಬಾರೇ ಇಲ್ಲಿ'. ಇವಳ ಬಾಯಲ್ಲಿ 'ಬಂದೆ ಸಾ'. ಐದು ನಿಮಿಷ ತಡವಾದರೆ ಅರ್ಧ ದಿನ ಕಟ್. ಸಂಬಳ ಎರಡು ತಿಂಗಳು ತಡವಾದರೆ ಯಾರದ್ದು ಕಟ್? ಕಾರ್ಮಿಕ ಬಂದಳೋ ಇಲ್ಲವೋ ಅನ್ನುವುದಕ್ಕೆ ಪುಸ್ತಕ ಇದೆ. ಫಿನಾಯಿಲ್ ಬಂತೋ ಇಲ್ಲವೋ, ಕೈಚೀಲ ಕೊಟ್ಟರೋ ಇಲ್ಲವೋ, ಪಿ.ಎಫ್. ಕಟ್ಟಿದರೋ ಇಲ್ಲವೋ ಅನ್ನುವುದಕ್ಕೆ ಅವಳ ಕೈಲಿ ಯಾವ ಪುಸ್ತಕವೂ ಇಲ್ಲ. ಈ ವ್ಯವಸ್ಥೆಯ ಕಣ್ಣು ದುಡಿಯುವವರನ್ನು ಎಣಿಸುತ್ತದೆ, ನೋಡುವುದಿಲ್ಲ.

ಇದು ನೆನ್ನೆ ಮೊನ್ನೆಯ ಕತೆಯಲ್ಲ. 1970ರ ದಶಕದ ಮೊದಲಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವುದನ್ನು ನಿಲ್ಲಿಸಿ ಅಂದರು. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬೂಸಾ ಮಾತಾಡಿದಾಗ ಸಾಹಿತ್ಯದ ಮರ್ಯಾದೆ ಹೋಯಿತೆಂದು ಬೀದಿಗಿಳಿದವರು, ತಲೆಯ ಮೇಲೆ ಮಲದ ಬುಟ್ಟಿ ಹೊತ್ತ ಮನುಷ್ಯನ ಮರ್ಯಾದೆಗಾಗಿ ಒಂದು ದಿನವಾದರೂ ಬೀದಿಗಿಳಿದಿದ್ದರೆ? ಇಳಿಯಲಿಲ್ಲ. ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ವರದಿ ಕೊಟ್ಟಿತು. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತು. ಊರುಗಳು ಉಬ್ಬಿದವು, ಕಟ್ಟಡಗಳು ಎದ್ದವು. ನಾಲ್ಕು ದಶಕ ಕಳೆದ ಮೇಲೆ ಸರ್ಕಾರ ಮಾಡಿದ್ದೇನು? 700 ಜನಕ್ಕೆ ಒಬ್ಬರು ಸಾಕು ಅಂತ ಲೆಕ್ಕ ತಿದ್ದಿತು. ಅಂದರೆ ಅದೇ ಬೆನ್ನಿನ ಮೇಲೆ ಇನ್ನೂ ಇನ್ನೂರು ಜನರ ಕಸ. ಹೆಸರು ಮಾತ್ರ ಚೆಂದವಾಯಿತು, ಪೌರಕಾರ್ಮಿಕ! ವರ್ಷಕ್ಕೊಂದು ದಿನ, ಸೆಪ್ಟೆಂಬರ್ 23ಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ. 24ನೇ ತಾರೀಖು ಬೆಳಿಗ್ಗೆ ಮತ್ತೆ 'ಏಯ್, ಬಾರೇ ಇಲ್ಲಿ'.

ಗೆಳೆಯರೇ, ಈಗ ಕಾನೂನಿನ ಕತೆ ಕೇಳಿ. ಕಾನೂನಿನ ಪುಸ್ತಕ ನಮ್ಮದಲ್ಲ ಅಂತ ನಾವು ಬಿಟ್ಟಿದ್ದರಿಂದಲೇ ಹಾಜರಿ ಪುಸ್ತಕವೂ ಕೈತಪ್ಪಿತು.

1970ರಲ್ಲಿ ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂತು. ವರ್ಷವಿಡೀ ನಡೆಯುವ ಕೆಲಸಕ್ಕೆ ಗುತ್ತಿಗೆಯ ಆಳು ಇಡುವುದನ್ನು ಸರ್ಕಾರ ನಿಷೇಧಿಸಬಹುದು ಅಂತ ಅದರಲ್ಲಿ ದಾರಿ ಇತ್ತು. ಆ ದಾರಿ ಹಿಡಿದು 1976ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕಟ್ಟಡ ಗುಡಿಸುವುದು, ತೊಳೆಯುವುದು, ಧೂಳು ಹೊಡೆಯುವುದು, ಕಾಯುವುದು, ಈ ಕೆಲಸಗಳಿಗೆ ಗುತ್ತಿಗೆ ಕೂಡದು. ಅದು ಕೇಂದ್ರದ ಹಿಡಿತದ ಸಂಸ್ಥೆಗಳಿಗೆ ಮಾತ್ರ, ನಮ್ಮ ಪುರಸಭೆಗಳಿಗಲ್ಲ. ಆದರೂ ಪೊರಕೆ ಹಿಡಿದವರೂ ನೌಕರರೇ ಅಂತ ಒಂದು ಸರ್ಕಾರಿ ಕಾಗದ ಒಪ್ಪಿಕೊಂಡಿತ್ತು. ಅದನ್ನೇ ಹಿಡಿದು 1996ರಲ್ಲಿ ಏರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆ ನಿಷೇಧವಾದ ಕಡೆ ಕೆಲಸಗಾರರು ಸಂಸ್ಥೆಯ ನೌಕರರೇ ಆಗುತ್ತಾರೆ ಅಂದಿತು. ಐದೇ ವರ್ಷ. 2001ರ ಆಗಸ್ಟಿನಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಅದೇ ಕೋರ್ಟು ಆ ತೀರ್ಪನ್ನೂ ತೆಗೆಯಿತು, ಆ ಅಧಿಸೂಚನೆಯನ್ನೂ ತೆಗೆಯಿತು.

ಈಗ 1970ರ ಕಾಯ್ದೆಯೂ ಇಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಹೊಸ ಸಂಹಿತೆ ಹೇಳುತ್ತದೆ: ಸಂಸ್ಥೆಯ 'ಮುಖ್ಯ ಕೆಲಸ'ಕ್ಕೆ ಗುತ್ತಿಗೆ ಇಲ್ಲ. ಸಂತೋಷ. ಆದರೆ ಯಾವುದು ಮುಖ್ಯ ಕೆಲಸ ಅಲ್ಲ ಅಂತ ಒಂದು ಪಟ್ಟಿ ಕೊಟ್ಟಿದ್ದಾರೆ. ಗುಡಿಸುವುದು, ತೊಳೆಯುವುದು, ಧೂಳು ಹೊಡೆಯುವುದು, ಕಾವಲು, ತೋಟ, ಕಟ್ಟಡದ ನಿರ್ವಹಣೆ. 1976ರಲ್ಲಿ ಯಾವ ಮಾತುಗಳನ್ನು ಹಿಡಿದು ಗುತ್ತಿಗೆ ಬೇಡ ಅಂದರೋ ಅವೇ ಮಾತುಗಳನ್ನು ಹಿಡಿದು ಈಗ ಗುತ್ತಿಗೆ ಇರಲಿ ಅನ್ನುತ್ತಿದ್ದಾರೆ. ಪೊರಕೆ ಬದಲಾಗಲಿಲ್ಲ, ಕೈ ಬದಲಾಗಲಿಲ್ಲ, ಕೇರಿ ಬದಲಾಗಲಿಲ್ಲ. ಪಟ್ಟಿ ಮಾತ್ರ ತಲೆಕೆಳಗಾಯಿತು.

ಆದರೆ ಆ ಪಟ್ಟಿಯಲ್ಲೇ ಒಂದು ಬಾಗಿಲು ಸಂದು ಬಿಟ್ಟಿದೆ. ಸಂಸ್ಥೆ ಇರುವುದೇ ಆ ಕೆಲಸಕ್ಕಾದರೆ ಈ ವಿನಾಯಿತಿ ನಿಲ್ಲುವುದಿಲ್ಲ. ಹಾಗಾದರೆ ನಾವು ಕೇಳುತ್ತೇವೆ: ಪುರಸಭೆ ಇರುವುದು ಯಾತಕ್ಕೆ? ಬಟ್ಟೆ ನೇಯುವುದಕ್ಕಾ? ಕಬ್ಬಿಣ ಕಾಯಿಸುವುದಕ್ಕಾ? 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ತೆರೆದು ನೋಡಿ. ಬೀದಿ, ಚರಂಡಿ, ಶೌಚಾಲಯ ಚೊಕ್ಕಟವಾಗಿಡುವುದು ಪುರಸಭೆಯ ಕಡ್ಡಾಯ ಕರ್ತವ್ಯ. ಚೊಕ್ಕಟ ಮಾಡುವುದು ಪುರಸಭೆಯ ಮುಖ್ಯ ಕೆಲಸವಲ್ಲದಿದ್ದರೆ ಇನ್ಯಾವುದು ಮುಖ್ಯ? ಬಜೆಟ್ ಸಭೆಯಲ್ಲಿ ಗೋಡಂಬಿ ತಿನ್ನುವುದಾ? ಕಟ್ಟಡದ ಕಕ್ಕಸು, ಸಂಪು, ಚಾವಣಿ ಇವೆಲ್ಲ ಇದೇ ಕರ್ತವ್ಯದ ಅಂಗ ಅಂತ ನಾವು ವಾದಿಸುತ್ತೇವೆ. ಬೇಕಾದರೆ ಕೋರ್ಟಿನಲ್ಲಿ ವಾದಿಸುತ್ತೇವೆ, ಇಲ್ಲವಾದರೆ ಬೀದಿಯಲ್ಲಿ.

ಬೀದಿಯಲ್ಲಿ ವಾದಿಸಿದ್ದಕ್ಕೆ ಫಲ ಸಿಕ್ಕಿಲ್ಲ ಅನ್ನುವ ಹಾಗಿಲ್ಲ. 2017ರಲ್ಲಿ ಪೌರಕಾರ್ಮಿಕರಿಗೆ ಗುತ್ತಿಗೆ ತಪ್ಪಿಸಿ ನೇರ ಪಾವತಿ ಅಂತ ಸರ್ಕಾರ ಒಪ್ಪಿತು. 2022ರ ಜುಲೈಯಲ್ಲಿ ರಾಜ್ಯದ ಉದ್ದಗಲಕ್ಕೂ ಪೊರಕೆ ಕೆಳಗಿಟ್ಟರು. ನಾಲ್ಕೇ ದಿನ! ವಿಧಾನಸೌಧ ಖಾಯಮಾತಿಯ ಮಾತಾಡಿತು. 2025ರ ಮೇ ಒಂದರಂದು ಬೆಂಗಳೂರಿನಲ್ಲಿ 12,692 ಜನರಿಗೆ ಖಾಯಂ ನೇಮಕದ ಆದೇಶ ಬಂತು. ಇದು ಯಾರೋ ಕೊಟ್ಟ ಭಿಕ್ಷೆಯಲ್ಲ. ಆದರೆ ಬೀದಿ ಗುಡಿಸುವವರಿಗೆ ಸಿಕ್ಕಿದ್ದು ಕಟ್ಟಡದ ಒಳಗೆ ಗುಡಿಸುವವರಿಗೆ ಸಿಕ್ಕಿತೆ? ಅವರನ್ನು 'ಹೊರಗುತ್ತಿಗೆ' ಅನ್ನುತ್ತಾರೆ. ಒಳಗೆ ದುಡಿಯುವವರಿಗೆ ಹೊರಗಿನ ಹೆಸರು! ಊರ ಹೊರಗಿದ್ದವರನ್ನು ಕಚೇರಿಯ ಒಳಗೆ ಕರೆದುಕೊಂಡರೂ 'ಹೊರಗೆ' ಅನ್ನುವ ಪದ ಬೆನ್ನು ಬಿಡಲಿಲ್ಲ.

ಕುಣಿಗಲ್ ಅಂದರೆ ಕುದುರೆ ಫಾರಂ ಅಂತ ಲೋಕಕ್ಕೆಲ್ಲ ಗೊತ್ತು. ಅಲ್ಲಿ ಬೆಳೆದ ಜೂಜಿನ ಕುದುರೆಗೆ ಹೆಸರಿತ್ತು, ಹುಟ್ಟಿದ ತಾರೀಖಿತ್ತು, ತಾಯಿ ಯಾವುದು ತಂದೆ ಯಾವುದು ಅಂತ ದಾಖಲೆ ಇತ್ತು. ಅದೇ ಯಾವುದಾದರೂ ಒಂದು ಟೆಂಡರ್ ಕಾಗದ ತೆಗೆದು ನೋಡಿ. 'ಮಾನವ ಸಂಪನ್ಮೂಲ ಪೂರೈಕೆ' ಅಂತಿರುತ್ತದೆ. ಮರಳು ಪೂರೈಕೆ, ಜಲ್ಲಿ ಪೂರೈಕೆ, ಮನುಷ್ಯರ ಪೂರೈಕೆ! ಎಷ್ಟು ತಲೆ, ಎಷ್ಟು ತಿಂಗಳು, ಎಷ್ಟು ಕಮಿಷನ್. ಹೆಸರಿಲ್ಲ.

ಗುಬ್ಬಿ ನಾಟಕದ ಊರು. ಪರದೆಯ ಹಿಂದೆ ದುಡಿಯುವವರಿಲ್ಲದೆ ರಾಜ ರಂಗಕ್ಕೆ ಬರಲಾರ ಅನ್ನುವುದನ್ನು ಆ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರ ತುಮಕೂರಿನಲ್ಲಿದೆ. ಅಂಥ ಮಂದಿರಗಳಲ್ಲಿ ನಾವು ಕವಿತೆ ಓದುತ್ತೇವೆ, ಚಪ್ಪಾಳೆ ಬೀಳುತ್ತದೆ. ಕವಿಗಳೇ, ಕೆಳಗಿಳಿದು ಬಂದಾಗ ಬಾಗಿಲ ಬಳಿ ಪೊರಕೆ ಹಿಡಿದು ನಾವು ಯಾವಾಗ ಹೋಗುತ್ತೇವೋ ಅಂತ ಕಾಯುತ್ತಿರುವ ಹೆಂಗಸಿನ ದಿನಗೂಲಿ ಎಷ್ಟು ಅಂತ ಕೇಳಿದವರು ಎಷ್ಟು ಜನ? ಬಂಡಾಯ ಮೈಕಿನ ಮುಂದೆ ಮುಗಿದುಹೋಗುವುದಾದರೆ ಅದಕ್ಕಿಂತ ಭಜನೆ ವಾಸಿ.

ಇನ್ನು ಸಾವಿನ ಮಾತು. ಕಟ್ಟಡದ ನಿರ್ವಹಣೆ ಅಂದರೆ ಧೂಳು ಹೊಡೆಯುವುದಷ್ಟೇ ಅಲ್ಲ. ಗುಂಡಿ ತುಂಬುತ್ತದೆ, ಚೇಂಬರು ಕಟ್ಟಿಕೊಳ್ಳುತ್ತದೆ. ಆಗ ಮೇಲೆ ನಿಂತವನ ಬಾಯಿಂದ ಒಂದೇ ಮಾತು, 'ಇಳಿಯೋ, ಒಂದ್ನಿಮಿಷದ ಕೆಲ್ಸ'. ಆ ಒಂದು ನಿಮಿಷದಲ್ಲಿ ವಿಷಗಾಳಿ ಉಸಿರು ಕಟ್ಟಿಸುತ್ತದೆ. 2013ರ ಕಾಯ್ದೆ ಸ್ಪಷ್ಟವಾಗಿದೆ. ಒಳಚರಂಡಿಗೆ, ಸೆಪ್ಟಿಕ್ ಗುಂಡಿಗೆ ಹೀಗೆ ಜೀವಕ್ಕೆ ಅಪಾಯವಾಗುವಂತೆ ಮನುಷ್ಯರನ್ನು ಇಳಿಸುವ ಹಾಗಿಲ್ಲ, ನೇರವಾಗಿಯೂ ಇಲ್ಲ, ಗುತ್ತಿಗೆದಾರನ ಮೂಲಕವೂ ಇಲ್ಲ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹೆಣದ ಬೆಲೆ ಏರುತ್ತಿದೆ, ಇಳಿಸುವುದು ನಿಲ್ಲುತ್ತಿಲ್ಲ. ಯಾಕೆ? 'ಇಳಿಯೋ' ಅಂದವನ ಹೆಸರು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. 2010ರ ಜುಲೈಯಲ್ಲಿ ಸವಣೂರಿನಲ್ಲಿ ನಮ್ಮ ಜನ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಅಷ್ಟು ಮಾಡಿದ ಮೇಲೆ ಮಾತ್ರ ಈ ನಾಡು ಮೂಗು ಮುಚ್ಚಿಕೊಂಡು ತಿರುಗಿ ನೋಡಿತು.

'ಹಾಗಾದ್ರೆ ಮೇಲೆ ಯಾರೂ ನಿಂತು ನೋಡೋದೇ ಬೇಡ್ವಾ? ನಿಮ್ ಜನ ಕೆಲ್ಸ ಕದೀತಾರಲ್ಲಪ್ಪ' ಅನ್ನುತ್ತಾರೆ. ಕದಿಯುವ ಮಾತು ಬಂದದ್ದು ಒಳ್ಳೆಯದೇ ಆಯಿತು. ಬೆಂಗಳೂರಿನಲ್ಲಿ 2017ರ ಸುಮಾರಿಗೆ ಬೆರಳಚ್ಚಿನ ಹಾಜರಾತಿ ಬಂದಾಗ ಲೆಕ್ಕದ ಮೇಲಿದ್ದ ಪೌರಕಾರ್ಮಿಕರಿಗೂ ನೆಲದ ಮೇಲಿದ್ದವರಿಗೂ ತಾಳೆಯಾಗಲಿಲ್ಲ. ಇಲ್ಲದ ಆಳಿನ ಸಂಬಳ ತಿಂದವರು ಪೊರಕೆ ಹಿಡಿದವರಾ? ಪುಸ್ತಕ ಹಿಡಿದವರಾ?

ಮೇಲ್ವಿಚಾರಣೆ ಬೇಡ ಅಂತ ನಾವು ಹೇಳುತ್ತಿಲ್ಲ. ಅದರ ಮುಖ ತಿರುಗಿಸಿ ಅನ್ನುತ್ತಿದ್ದೇವೆ. ಯಾವ ಪೈಪು ಎಲ್ಲಿ ಕಟ್ಟುತ್ತದೆ, ಯಾವ ಚಾವಣಿ ಯಾವ ಮಳೆಗೆ ಸೋರುತ್ತದೆ ಅನ್ನುವುದು ಇಪ್ಪತ್ತು ವರ್ಷ ಆ ಕಟ್ಟಡ ತೊಳೆದವಳಿಗೆ ಗೊತ್ತು. ಏಣಿ ಹತ್ತದವರು ಎಸ್ಟಿಮೇಟು ಬರೆಯುತ್ತಾರೆ, ಅವಳನ್ನು ಒಂದು ಮಾತು ಕೇಳುವುದಿಲ್ಲ. ಅನುಭವ ಇದ್ದ ಕೆಲಸಗಾರರೇ, ಹೆಂಗಸರೂ ಸೇರಿ, ತಂಡದ ಮುಖ್ಯಸ್ಥರಾಗಲಿ. ಮೊದಲು ಕೈಚೀಲ, ಬೂಟು, ಪೊರಕೆ ಎಣಿಸಲಿ, ಆಮೇಲೆ ತಲೆ ಎಣಿಸಲಿ. ದಿನದ ಹಾಜರಿಯ ಒಂದು ಚೀಟಿ ದುಡಿದವರ ಕೈಗೂ ಬರಲಿ. ಗುಂಡಿಗೆ ಇಳಿಸಿ ಅಂದ ಅಧಿಕಾರಿಗೆ 'ಬರೆದುಕೊಡಿ ಸಾರ್' ಅನ್ನುವ ಧೈರ್ಯ ಮೇಸ್ತ್ರಿಗೆ ಇರಲಿ, ಆ ಮೇಸ್ತ್ರಿಗೆ ಸಂಘದ ರಕ್ಷಣೆ ಇರಲಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು ಅನ್ನುವುದು ಹಳೆಯ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಅದನ್ನು ಕಚೇರಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ.

ನಮ್ಮ ಹುಡುಗರಿಗೆ ಒಂದು ಮಾತು. ನಮ್ಮ ಕೇರಿಗಳಿಂದ ಮೊದಲ ಸಲ ಡಿಗ್ರಿ ಹಿಡಿದು ಬಂದವರು ಕೆಲಸವಿಲ್ಲದೆ ಸೂಪರ್‌ವೈಸರ್ ಆಗಿ ಸೇರುತ್ತಿದ್ದಾರೆ. ಸೇರಿ, ಹೊಟ್ಟೆಪಾಡು ತಪ್ಪಲ್ಲ. ಆದರೆ ಗುತ್ತಿಗೆದಾರನಿಗೆ ಬೇಕಾದದ್ದು ನಿಮ್ಮ ಬಿ.ಎ. ಅಲ್ಲ, ನಿಮ್ಮ ಜಾತಿ. ನಮ್ಮವರನ್ನು ನಮ್ಮವರ ಬಾಯಿಂದಲೇ ಬೈಯಿಸಿದರೆ ಅದು ಜಾತಿನಿಂದನೆ ಆಗುವುದಿಲ್ಲವಲ್ಲ! ಬಾಬಾಸಾಹೇಬರು ಕಂಡ ಶ್ರೇಣೀಕೃತ ಅಸಮಾನತೆ ಹೀಗೇ ನಡೆಯುತ್ತದೆ. ಪ್ರತಿಯೊಬ್ಬರಿಗೂ ತುಳಿಯಲು ಒಬ್ಬರನ್ನು ಕೊಟ್ಟು ಎಲ್ಲರನ್ನೂ ಸುಮ್ಮನಿರಿಸುತ್ತದೆ. ನಿಮ್ಮ ಕೈಗೆ ಪುಸ್ತಕ ಬಂದ ದಿನ, ಅದರಲ್ಲಿ ಮೊದಲು ನಿಮ್ಮ ಅವ್ವನ ಹೆಸರಿದೆ ಅಂದುಕೊಂಡು ತೆರೆಯಿರಿ. ಏಕವಚನ ತಾನಾಗೇ ಬಾಯಿಂದ ಬೀಳುತ್ತದೆ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಿಮ್ಮ ಊರಿನ ಪಂಚಾಯಿತಿ, ಪುರಸಭೆಯ ಕಟ್ಟಡಗಳ ನಿರ್ವಹಣೆಯ ಟೆಂಡರ್ ಯಾರದ್ದು, ಲೆಕ್ಕದಲ್ಲಿ ಎಷ್ಟು ಜನ, ಪಿ.ಎಫ್. ಕಟ್ಟಿದ ಚಲನ್ ಎಲ್ಲಿ, ಈ ಮೂರೇ ಪ್ರಶ್ನೆ ಕೇಳಿ. ಬಂದ ಉತ್ತರವನ್ನು ಕೇರಿಗೆ ತನ್ನಿ. ಸಂಜೆ ದೀಪದ ಕೆಳಗೆ ಕೂತು ಗಟ್ಟಿಯಾಗಿ ಓದಿ. ಅಕ್ಷರ ಬಾರದ ಅವ್ವನೂ ತನ್ನ ಹೆಸರಿನ ಮುಂದೆ ಯಾರು ಎಷ್ಟು ನುಂಗಿದ್ದಾರೆ ಅನ್ನುವುದನ್ನು ಬೆರಳಲ್ಲಿ ಎಣಿಸಿ ಹೇಳುತ್ತಾಳೆ.

ಇಷ್ಟು ದಿನ ಅವರು ನಮ್ಮ ಹಾಜರಿ ತೆಗೆದುಕೊಂಡರು. ಇನ್ನು ಅವರ ಹಾಜರಿ ನಾವು ಕೂಗುತ್ತೇವೆ. ಗೈರಾದವರು ಉತ್ತರ ಕೊಡಲಿ.