ಪಾಸಿಟಿವ್ ಅಂದರೆ ಕ್ಯಾನ್ಸರ್ ಅಂತಲ್ಲ: ಇದನ್ನು ಮನೆಯ ಮಾತಲ್ಲಿ ಹೇಳೋರು ಬೇಕು

30 ದಾಟಿದವರ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಈಗ ಸರ್ಕಾರಿ ಕಾರ್ಯಕ್ರಮ. ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬರುತ್ತಾರೆ. ಬಿಪಿ, ಶುಗರ್ ಅಂದರೆ ಕೈ ಚಾಚುವ ನಮ್ಮ ಹೆಂಗಸರು ಕ್ಯಾನ್ಸರ್ ಎಂಬ ಶಬ್ದ ಕೇಳಿದ ಕೂಡಲೇ ಒಳಗೆ ಹೋಗಿಬಿಡುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವಯಸ್ಸಿನವರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ ಶೇ. 1.9. ನೂರಕ್ಕೆ ಇಬ್ಬರೂ ಇಲ್ಲ.

ಹೆಂಗಸರ ನಾಚಿಕೆಯನ್ನು ದೂರುವುದು ಸುಲಭ. ನಾವು ಅದನ್ನು ಪೂರ್ತಿ ಒಪ್ಪುವುದಿಲ್ಲ. ಬೀದರ್ ಜಿಲ್ಲೆ ಔರಾದ್ ತಾಲೂಕಿನ ಎಕಂಬಾದಂಥ ಗಡಿಸೀಮೆಯ ಊರನ್ನೇ ನೋಡಿ. ಮನೆಯಲ್ಲಿ ದಖ್ಖನಿ ಅಥವಾ ಮರಾಠಿ, ಕಚೇರಿಯಲ್ಲಿ ಕನ್ನಡ, ಡಾಕ್ಟರ ಚೀಟಿಯಲ್ಲಿ ಇಂಗ್ಲಿಷ್. ನಮ್ಮ ಕರಾವಳಿಯಲ್ಲೂ ಅಷ್ಟೇ. ಮನೆಯಲ್ಲಿ ಬ್ಯಾರಿ, ಕರಪತ್ರದಲ್ಲಿ ‘ಗರ್ಭಕಂಠದ ಅರ್ಬುದ’. ಅದು ಮೈಯ ಯಾವ ಜಾಗ ಅಂತಲೇ ಉಮ್ಮನಿಗೆ ತಿಳಿಯದಿದ್ದರೆ ತಪಾಸಣೆಗೆ ಹೇಗೆ ಒಪ್ಪಿಯಾರು?

ಅದಕ್ಕಿಂತ ದೊಡ್ಡ ತೊಡಕು ‘ಪಾಸಿಟಿವ್’ ಎಂಬ ಮಾತು. ಕೊರೋನಾ ಬಂದು ಹೋದ ಮೇಲೆ ಪಾಸಿಟಿವ್ ಅಂದರೆ ರೋಗ ಬಂತು ಎಂದೇ ಎಲ್ಲರ ತಲೆಯಲ್ಲಿ ಕೂತಿದೆ. ಇಲ್ಲಿ ಅರ್ಥ ಹಾಗಲ್ಲ. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ತೆಳು ದ್ರಾವಣ ಹಚ್ಚಿ ಒಂದು ನಿಮಿಷ ನೋಡುತ್ತಾರೆ. ಬಿಳಿ ಮಚ್ಚೆ ಕಂಡರೆ ಪಾಸಿಟಿವ್. ಹಾಗೆ ಕಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಇನ್ನೊಮ್ಮೆ ಪರೀಕ್ಷಿಸಬೇಕು ಅಂತಷ್ಟೇ. ಮುಂದೆ ಕ್ಯಾನ್ಸರ್ ಆಗಬಹುದಾದ ಭಾಗವಿದ್ದರೆ ಆಗಲೇ ಸುಟ್ಟು ತೆಗೆಯಬಹುದು. ಇದನ್ನು ಬಿಡಿಸಿ ಹೇಳದೆ ಚೀಟಿ ಕೈಗಿಟ್ಟರೆ ಅವರು ಮತ್ತೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ‘ನೆಗೆಟಿವ್’ ಬಂದವರಿಗೂ ಹೇಳಬೇಕಾದದ್ದಿದೆ: ಐದು ವರ್ಷಕ್ಕೆ ಮತ್ತೆ ಬನ್ನಿ, ನಡುವೆ ರಕ್ತಸ್ರಾವ ಕಂಡರೆ ಅಷ್ಟು ಕಾಯಬೇಡಿ.

ಮುಂಬೈಯ ಟಾಟಾ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ಇದೇ ವಿನೆಗರ್ ಪರೀಕ್ಷೆಯನ್ನು ಅಳೆದು ನೋಡಿದರು. ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ, ಹತ್ತನೇ ಕ್ಲಾಸು ಓದಿದ ಹೆಂಗಸರು. 12 ವರ್ಷದಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಶೇ. 31ರಷ್ಟು ಇಳಿಯಿತು. ಹೆಂಗಸರೇ ಹೆಂಗಸರ ಹತ್ತಿರ ಕೂತು ಮಾತಾಡಿದರೆ ನಮ್ಮ ಪರದೆಯ ಮನೆಗಳಲ್ಲೂ ಆಗದ ಕೆಲಸವೇನಲ್ಲ ಇದು.

ಬಾಯಿಯ ತಪಾಸಣೆಗಂತೂ ಟಾರ್ಚು ಸಾಕು. ಆದರೆ ಗಂಡಸರು ಸಿಗುವುದಿಲ್ಲ, ಸಿಕ್ಕರೂ ಗುಟ್ಕಾ ಮಾತ್ರ ಕೆಟ್ಟದ್ದು ಎನ್ನುತ್ತಾರೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಅಡಿಕೆ ವ್ಯಾಪಾರದಲ್ಲೇ ಬೆಳೆದ ನಮ್ಮವರಿಗೆ ಈ ಮಾತು ಕಹಿ. ಹಾಗಂತ ಬರೆಯದೆ ಬಿಡಲಾಗದು.

ಜಮಾಅತ್‌ಗಳಲ್ಲಿ ಒಂದು ಕೋರಿಕೆ. ಶಿಬಿರದ ಬ್ಯಾನರಿಗೆ ಖರ್ಚು ಮಾಡುವ ಮುಂಚೆ, ಪರೀಕ್ಷೆ ಹೇಗೆ, ಫಲಿತಾಂಶ ಯಾರು ಹೇಳುತ್ತಾರೆ, ಪಾಸಿಟಿವ್ ಬಂದರೆ ಯಾವ ಆಸ್ಪತ್ರೆಗೆ, ಬಸ್ ಚಾರ್ಜು ಯಾರದು ಎಂಬುದನ್ನು ಬ್ಯಾರಿಯಲ್ಲಿ ಮದ್ರಸದ ಉಮ್ಮಂದಿರಿಗೆ ಒಮ್ಮೆ ಹೇಳಿಸಿ. ಜುಮಾ ಮುಗಿದ ಮೇಲೆ ಗಂಡಸರಿಗೂ ಹೇಳಿ, ಚಾರ್ಜು ಕೊಡಬೇಕಾದವರು ಅವರೇ ತಾನೆ.