ಅವ್ವನ ಜಾತಿಗೆ ಅರ್ಜಿಯಲ್ಲಿ ಜಾಗ ಇಲ್ಲವೆ?



ಹರಿಹರದ ಕಡೆಯ ಒಬ್ಬ ತಂಗಿ ಜಾತಿ ಸರ್ಟಿಫಿಕೇಟಿಗೆಂದು ಅಲೆದು ಅಲೆದು ಸುಸ್ತಾಗಿ ದಾವಣಗೆರೆಗೆ ಬಂದಿದ್ದಳು. ಅವ್ವ ನಮ್ಮ ಕೇರಿಯವಳು. ಅಪ್ಪ ಮೇಲ್ಜಾತಿಯವನು, ಕೂಸು ತೊಟ್ಟಿಲಲ್ಲಿದ್ದಾಗಲೇ ಬಿಟ್ಟುಹೋದವನು. ಇವಳು ಕೇರಿಯಲ್ಲೇ ಬೆಳೆದಳು. ಊರ ಹೋಟೆಲಿನಲ್ಲಿ ಬೇರೆ ಲೋಟದಲ್ಲೇ ಚಾ ಕುಡಿದಳು. ಸರ್ಟಿಫಿಕೇಟ್ ಇಲ್ಲದೆ ಈಗ ಹಾಸ್ಟೆಲ್ ಸೀಟೂ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ. ಗುಮಾಸ್ತ ಕೇಳಿದ್ದು ಒಂದೇ ಮಾತು: "ನಿಮ್ಮಪ್ಪಂದು ಯಾವ ಜಾತಿನಮ್ಮಾ?"

ಬೇರೆ ಲೋಟ ಕೊಡುವಾಗ ಯಾರೂ ಅಪ್ಪನ ಜಾತಿ ಕೇಳಲಿಲ್ಲ. ಅವಮಾನ ಅವ್ವನ ಕಡೆಯಿಂದ, ಕಾಗದ ಮಾತ್ರ ಅಪ್ಪನ ಕಡೆಯಿಂದ! ಇದ್ಯಾವ ನ್ಯಾಯ?

ಗುಜರಾತಿನ ರಮೇಶ್‌ಭಾಯಿ ನಾಯಕಾ ಇದೇ ಪ್ರಶ್ನೆ ಹೊತ್ತು ದೆಹಲಿಗೆ ಹೋದರು. ತಾಯಿ ಪರಿಶಿಷ್ಟ ಪಂಗಡ, ತಂದೆ ಕ್ಷತ್ರಿಯ. 2012ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಮಗುವಿನದು ಅಪ್ಪನ ಜಾತಿ ಎಂದು ಭಾವಿಸಬಹುದು, ಆದರೆ ಅದೇ ಕೊನೆಯ ಮಾತಲ್ಲ. ತಾಯಿಯ ಮಡಿಲಲ್ಲಿ ಬೆಳೆದು, ಅವಳ ಜನರ ಹಾಗೆಯೇ ಅವಮಾನ ಉಂಡಿದ್ದರೆ, ಅದನ್ನು ತೋರಿಸಿ ತಾಯಿಯ ಜಾತಿ ಕೇಳಬಹುದು.

ಬಾಗಿಲು ತೆರೆಯಿತು, ನಿಜ. ಅರ್ಧ ಮಾತ್ರ. ಅಪ್ಪ ದಲಿತನಾದರೆ ಬೇಡದ ಸಾಕ್ಷಿ, ಅವ್ವ ದಲಿತಳಾದರೆ ಯಾಕೆ ಬೇಕು?

ಈ ಕಾಟ ನಮ್ಮದೊಂದೇ ಅಲ್ಲ. ಕೆನಡಾದಲ್ಲಿ 1876ರ ಕಾನೂನು ಹೊರಗಿನವನನ್ನು ಮದುವೆಯಾದ ಮೂಲನಿವಾಸಿ ಹೆಣ್ಣನ್ನು ಪಟ್ಟಿಯಿಂದಲೇ ಕಿತ್ತುಹಾಕಿತು. ಗಂಡಸು ಬಿಳಿಯಳನ್ನು ತಂದರೆ ಅವಳಿಗೂ ಪಟ್ಟಿಯಲ್ಲಿ ಹೆಸರು! ಹೆಂಗಸರು 1979ರಲ್ಲಿ ರಾಜಧಾನಿ ಒಟ್ಟಾವಕ್ಕೆ ಕಾಲ್ನಡಿಗೆಯಲ್ಲಿ ಹೋದರು. ಸಾಂಡ್ರಾ ಲವ್‌ಲೇಸ್ ವಿಶ್ವಸಂಸ್ಥೆಯ ತನಕ ಹೋಗಿ 1981ರಲ್ಲಿ ಗೆದ್ದರು. 1985ರಲ್ಲಿ ಕಾನೂನು ತಿದ್ದಿದರು. ಉಳಿದ ಕೊಳೆ ತೆಗೆಯುವ ತಿದ್ದುಪಡಿ ಪೂರ್ತಿ ಜಾರಿಗೆ ಬರಲು 2019 ಆಯಿತು. ಅಲ್ಲಿ ಅವರದೇ ಪಂಗಡದ ಕೆಲವು ಗಂಡಸರು ಅಡ್ಡ ನಿಂತಿದ್ದರು.

ನಾವೇನು ಕಮ್ಮಿ? ನಮ್ಮ ಹುಡುಗ ಮೇಲ್ಜಾತಿಯ ಹುಡುಗಿಯನ್ನು ಕಟ್ಟಿಕೊಂಡರೆ ಕ್ರಾಂತಿ ಅಂತೀವಿ, ಹಾರ ಹಾಕ್ತೀವಿ. ನಮ್ಮ ತಂಗಿ ಹೊರಗೆ ಮದುವೆಯಾದರೆ "ಹೋದಳು ಬಿಡು" ಅಂತೀವಿ. ಗುಮಾಸ್ತನ ಪ್ರಶ್ನೆ ನಮ್ಮ ಬಾಯಲ್ಲೂ ಇದೆ. ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ ಹರಿಹರದ ಮಣ್ಣಿನಲ್ಲಿ ನಿಂತು ಹೀಗೆ ಮಾತಾಡಲು ನಾಚಿಕೆಯಾಗಬೇಕು.

ನಾವು ಜಾತಿ ಬೇಡುತ್ತಿಲ್ಲ. ಉಂಡ ನೋವಿಗೆ ಲೆಕ್ಕ ಕೇಳುತ್ತಿದ್ದೇವೆ. ಆ ತಂಗಿ ಮತ್ತೆ ಅರ್ಜಿ ಹಾಕುತ್ತಾಳೆ. 2012ರ ತೀರ್ಪಿನ ಪ್ರತಿ, ಶಾಲೆಯ ದಾಖಲೆ, ಕೇರಿಯ ಹಿರಿಯರ ಹೇಳಿಕೆ ಜೊತೆಗಿರುತ್ತವೆ. ಈ ಸಲ ಅವಳನ್ನು ಒಬ್ಬಳನ್ನೇ ಕಳಿಸಬೇಡಿ. ಬನ್ನಿ, ಕೌಂಟರಿನ ಮುಂದೆ ನಾವೂ ನಿಲ್ಲೋಣ.